ಕುದುರೆ ಫೋಟೋ: ಲಾಯದ ಬಾಗಿಲಿಂದ ಲ್ಯಾಬ್‌ವರೆಗೆ

ಕಪ್ಪು ಹಿನ್ನೆಲೆಯಲ್ಲಿ ಕುದುರೆಯ ತಲೆ ಮಾತ್ರ ಬೆಳಗುವ ಫೋಟೋ ತೋರಿಸಿದರೆ ಎಲ್ಲರದ್ದೂ ಒಂದೇ ಪ್ರಶ್ನೆ. “ಯಾವ ಸ್ಟುಡಿಯೋ ಸಾರ್ ಇದು? ಕುದುರೇನ ಒಳಗೆ ಹೆಂಗೆ ಕರ್ಕೊಂಡು ಹೋದ್ರಿ?” ಸ್ಟುಡಿಯೋ ಎಲ್ಲಿ ಬಂತು? ಲಾಯದ ಬಾಗಿಲು, ಅಷ್ಟೆ. ಕುದುರೆಯನ್ನು ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ, ಮುಖ ಹೊರಗೆ ಮಾಡಿ ನಿಲ್ಲಿಸಬೇಕು. ಹೊರಗಿನ ಬೆಳಕು ಮುಖದ ಮೇಲೆ ಬೀಳುತ್ತದೆ. ಹಿಂದೆ ಲಾಯ ಕತ್ತಲಾಗಿರುತ್ತದೆ. ಮುಖಕ್ಕೆ ತಕ್ಕ ಹಾಗೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಅಳತೆ) ಇಟ್ಟರೆ ಹಿಂದಿನದೆಲ್ಲ ತಾನಾಗಿ ಕಪ್ಪಗಾಗುತ್ತದೆ.

ನಾನು ಮೈಸೂರಿನಲ್ಲಿ ಮದುವೆ ಫೋಟೋ ತೆಗೆಯುವವನು. ಕುದುರೆಗೂ ನನಗೂ ಇದ್ದ ನಂಟು ಅಂದರೆ ಮೆರವಣಿಗೆಯಲ್ಲಿ ಮದುಮಗನನ್ನು ಹೊತ್ತು ಬರುವ ಬಿಳಿ ಕುದುರೆ. ಅಲ್ಲಿ ಪಾಪ ಅದನ್ನು ಯಾರೂ ನೋಡುವುದಿಲ್ಲ. ನಾವೂ ಪೇಟಕ್ಕೆ, ಹಾರಕ್ಕೆ ಫೋಕಸ್ ಇಡುತ್ತೇವೆ. ಊರಾಚೆ ರೈಡಿಂಗ್ ಶಾಲೆ ನಡೆಸುವವರೊಬ್ಬರ ಮಗಳ ಮದುವೆ ಆಲ್ಬಂ ನಾನೇ ಮಾಡಿದ್ದೆ. ಅವರು ಒಂದು ದಿನ ಫೋನ್ ಮಾಡಿ, “ನಮ್ಮ ಕುದುರೆಗಳದ್ದೂ ಒಂದೊಂದು ಪೋರ್ಟ್ರೇಟ್ ಮಾಡ್ಕೊಡ್ತೀರಾ?” ಅಂದರು. ಅವರಲ್ಲಿ ಇರುವುದು ಹೆಚ್ಚಾಗಿ ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು, ಅಂದರೆ ಓಟಕ್ಕೆಂದೇ ಬೆಳೆಸಿದ ತಳಿಯವು. ಒಂದೆರಡು ಕುಣಿಗಲ್ ಸ್ಟಡ್ ಫಾರ್ಮ್‌ನಲ್ಲಿ ಹುಟ್ಟಿದವು. ಟಿಪ್ಪುವಿನ ಕುದುರೆ ಪಡೆಯ ಕಾಲದಿಂದ ಕುದುರೆ ಸಾಕಿದ ಜಾಗ ಅದು. ಓಟ ಮುಗಿದ ಮೇಲೆ ಇಂಥ ಕುದುರೆಗಳು ಮಕ್ಕಳಿಗೆ ಸವಾರಿ ಕಲಿಸುವ ಕೆಲಸಕ್ಕೆ ಬರುತ್ತವೆ.

ಕ್ಯಾಮೆರಾ ಇಲ್ಲದೆ ಸುಮ್ನೆ ಒಮ್ಮೆ ಹೋಗಿ ಬಂದೆ. ನೋಡಬೇಕಾಗಿದ್ದು ಬಾಗಿಲು ಯಾವ ದಿಕ್ಕಿಗಿದೆ ಅಂತ. ಪೂರ್ವದ ಬಾಗಿಲಾದರೆ ಬೆಳಗಿನ ಬಿಸಿಲು ನೇರ ಒಳಗೆ ನುಗ್ಗುತ್ತದೆ. ಹಿಂದಿನ ಗೋಡೆ, ಬಕೆಟ್ಟು, ಹುಲ್ಲಿನ ಕಂತೆ ಎಲ್ಲ ಎದ್ದು ಕಾಣುತ್ತವೆ. ಉತ್ತರದ ಬಾಗಿಲು ಸಿಕ್ಕಿದರೆ ಅದೃಷ್ಟ. ಬಿಸಿಲು ಬೀಳದೆ ಆಕಾಶದ ಬೆಳಕು ಮೆತ್ತಗೆ ಬರುತ್ತದೆ. ಬಾಗಿಲ ಮುಂದಿನ ನೆಲವನ್ನೂ ನೋಡಿಕೊಳ್ಳಬೇಕು. ನೆಲಕ್ಕೆ ಬಿದ್ದ ಬೆಳಕು ಪುಟಿದು ಕುದುರೆಯ ದವಡೆ ಕೆಳಗೆ ಬೀಳುತ್ತದಲ್ವಾ? ಹುಲ್ಲಿದ್ದರೆ ಹಸಿರು ಛಾಯೆ, ಕೆಮ್ಮಣ್ಣಿದ್ದರೆ ಕೆಂಪು. ಬಿಳಿ ಕುದುರೆಗೆ ಇದು ಜಾಸ್ತಿ ಹತ್ತುತ್ತದೆ. ಇಲ್ಲಿ ಸಿಮೆಂಟಿನ ಅಂಗಳ ಇತ್ತು, ಒಳ್ಳೆಯದಾಯಿತು. ನನ್ನ ಜತೆ ಬರುವ ಹುಡುಗ, “ಅಣ್ಣಾ, ಇನ್ನೂ ಬೆಳಕು ಬೇಕಂದ್ರೆ ಬಿಳಿ ಪಂಚೆ ಹಾಸೋಣ” ಅಂದ. ಕುದುರೆ ನೋಡಿಕೊಳ್ಳುವ ಸೈಸ್ ನಕ್ಕುಬಿಟ್ಟರು. “ಹಾಸಿ ನೋಡಿ. ಆಮೇಲೆ ಕುದುರೇನ ಹುಡುಕ್ಕೊಂಡು ನಾನು ಹೋಗ್ತೀನೋ ನೀವು ಹೋಗ್ತೀರೋ?”

ಇಡೀ ಕೆಲಸದಲ್ಲಿ ಸೈಸ್‌ದೇ ದೊಡ್ಡ ಪಾಲು. ನಾವು ಹೋಗುವ ಹೊತ್ತಿಗೆ ಅವರು ಒಂದೊಂದನ್ನೂ ಬ್ರಷ್ ಮಾಡಿ, ಒದ್ದೆ ಬಟ್ಟೆಯಲ್ಲಿ ಕಣ್ಣಿನ ಮೂಲೆ, ಮೂಗಿನ ಹೊಳ್ಳೆ, ತುಟಿ ಒರೆಸಿಟ್ಟಿದ್ದರು. ತುಟಿ ಯಾಕೆ ಅಂದರೆ, ಲೂಸರ್ನ್ ಸೊಪ್ಪು ತಿಂದ ಕುದುರೆಯ ಬಾಯಿ ಅಂಚಿನಲ್ಲಿ ಹಸಿರು ರಸ ಅಂಟಿರುತ್ತದೆ. ಅದು ಫೋಟೋದಲ್ಲಿ ಕಾಣುತ್ತದೆ. ಬಾಯಲ್ಲಿ ಮೇವಿದ್ದರೆ ದವಡೆ ಆಡುತ್ತಲೇ ಇರುತ್ತದೆ. ಆದ್ದರಿಂದ ಮೇವು ಮುಗಿದ ಮೇಲೆಯೇ ಫೋಟೋ. ನೊಣ ಬರುವ ಮುಂಚೆ, ಬೆಳಿಗ್ಗೆ ಬೇಗ. ನೊಣ ಬಂದರೆ ಕುದುರೆ ತಲೆ ಒದರುತ್ತಲೇ ಇರುತ್ತದೆ. ಸಿಕ್ಕ ಫೋಟೋದಲ್ಲೂ ಕಣ್ಣ ಸುತ್ತ ನೊಣ ಕೂತಿರುತ್ತವೆ. ಒಂದೊಂದನ್ನೇ ಅಳಿಸುತ್ತಾ ಕೂರುವ ಪಾಡು ಎಡಿಟಿಂಗ್ ಮಾಡುವವನದ್ದು.

ಮುಖಕ್ಕೆ ಹಾಕುವ ಹಾಲ್ಟರ್ ಬಗ್ಗೆ ಮೊದಲೇ ಮಾತಾಡಿಕೊಳ್ಳಬೇಕು. ದಿನಾ ಹಾಕುವುದು ಅಗಲವಾದ ನೈಲಾನ್ ಪಟ್ಟಿಯದ್ದು. ನೀಲಿ, ಕೇಸರಿ, ಕಣ್ಣಿಗೆ ಹೊಡೆಯುವ ಬಣ್ಣ. ಅದರ ಬದಲು ತೆಳ್ಳಗಿನ ಚರ್ಮದ್ದು ಇದ್ದರೆ ಹಾಗೇ ಬಿಡಬಹುದು, ಚೆನ್ನಾಗೇ ಕಾಣುತ್ತದೆ. ಬರೀ ಮುಖ ಬೇಕು ಅಂದರೆ ಎಡಿಟಿಂಗ್‌ನಲ್ಲಿ ತೆಗೆಯಬೇಕು. ಆಗಲೂ ಪಟ್ಟಿ ತೆಳ್ಳಗಿದ್ದಷ್ಟೂ ಕೆಲಸ ಕಡಿಮೆ. ಏನೂ ಹಾಕದೆ ಬಿಟ್ಟು ಫೋಟೋ ತೆಗೆಯುವವರೂ ಇದ್ದಾರೆ. ಹಿಡಿತ ಇಲ್ಲದ ಥರೋಬ್ರೆಡ್ ಮುಂದೆ ನಿಲ್ಲುವ ಧೈರ್ಯ ನನಗಿಲ್ಲ. ಫ್ಲಾಶ್ ಕೂಡ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ದಸರಾಕ್ಕೆ ಮುಂಚೆ ಇಲ್ಲಿ ಆನೆಗಳ ಜತೆ ಪೊಲೀಸ್ ಕುದುರೆಗಳಿಗೂ ಕುಶಾಲತೋಪಿನ ತಾಲೀಮು ಇರುತ್ತದೆ. ಫಿರಂಗಿ ಸದ್ದು ಕಿವಿಗೆ ಒಗ್ಗಲಿ ಅಂತ. ಅಷ್ಟೆಲ್ಲ ಮಾಡಿಯೂ ಬೆಚ್ಚುವ ಕುದುರೆಗಳಿರುತ್ತವೆ. ಇನ್ನು ಈ ಮಕ್ಕಳ ಶಾಲೆಯ ಕುದುರೆಗಳ ಮುಖಕ್ಕೆ ಫ್ಲಾಶ್ ಹೊಡೆದು ಏನು ಸಾಧಿಸಬೇಕು?

ಲೆನ್ಸ್ ವಿಷಯ. ಕುದುರೆಯ ತಲೆಯೇ ಹತ್ತಿರ ಹತ್ತಿರ ಎರಡಡಿ ಉದ್ದ. ಮೊಬೈಲಿನಲ್ಲೋ ವೈಡ್ ಲೆನ್ಸಿನಲ್ಲೋ ಹತ್ತಿರ ಹೋಗಿ ತೆಗೆದರೆ ಮೂಗು ಮುಂದೆ ಬಂದು ಕುಂಬಳಕಾಯಿಯಷ್ಟಾಗುತ್ತದೆ, ಕಣ್ಣು ಎಲ್ಲೋ ಹಿಂದೆ ಚುಕ್ಕಿಯಷ್ಟು. ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಹಾಕಿ, ದೂರ ನಿಂತು, 135ರಿಂದ 200 ಮಿಲಿಮೀಟರ್ ನಡುವೆ ತೆಗೆದರೆ ಮುಖದ ಅಳತೆ ಇದ್ದ ಹಾಗೆ ಬರುತ್ತದೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿ, ಎಫ್ 2.8 ಇದೆ ಅಂತ ಪೂರ್ತಿ ತೆರೆಯುವ ಹಾಗಿಲ್ಲ. ಕಣ್ಣಿಗೆ ಫೋಕಸ್ ಇಟ್ಟರೆ ಮೂಗಿನ ತುದಿ ಮಸುಕಾಗುತ್ತದೆ. ನಾನು ಕಂಡಿ ಕಿರಿದು ಮಾಡಿ ಎಫ್ 4, ಎಫ್ 5.6 ಹತ್ತಿರ ಇಟ್ಟೆ. ಶಟರ್ ಸೆಕೆಂಡಿನ 1/500. ನಿಂತ ಕುದುರೆಗೆ ಅಷ್ಟು ವೇಗ ಯಾಕೆ ಅನ್ನಿಸಬಹುದು. ಕಿವಿಗೋಸ್ಕರ. ಮೈ ಅಲುಗದಿದ್ದರೂ ಕಿವಿ ತಿರುಗುತ್ತಲೇ ಇರುತ್ತದೆ. ಬಾಗಿಲ ನೆರಳಲ್ಲಿ ಇದಕ್ಕೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ಕ್ಕೂ ಮೇಲೆ ಹೋಗಬೇಕಾಗುತ್ತದೆ. ಹೋಗಲಿ. ಸ್ವಲ್ಪ ನಾಯ್ಸ್ (ಕಾಳುಕಾಳಾಗಿ ಕಾಣುವುದು) ಇದ್ದರೆ ಸರಿಮಾಡಬಹುದು, ಅಲುಗಿದ ಕಿವಿಗೆ ಮದ್ದಿಲ್ಲ.

ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಕುದುರೆಯ ಕಣ್ಣಿನ ಲೆಕ್ಕ ಗೊತ್ತಿರಬೇಕು. ಅದರ ಕಣ್ಣು ತಲೆಯ ಎರಡು ಬದಿಗಿದೆ. ಸುತ್ತಲಿನ 360 ಡಿಗ್ರಿಯಲ್ಲಿ ಹೆಚ್ಚುಕಡಿಮೆ 350 ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಒಂದಿಷ್ಟು, ಬಾಲದ ನೇರ ಹಿಂದೆ ಒಂದಿಷ್ಟು. ಲೆನ್ಸ್ ಹಿಡಿದು ನೇರ ಹಣೆಯ ಕಡೆಗೆ ನಡೆದು ಹೋದರೆ, ಹತ್ತಿರ ಬಂದವನು ಒಮ್ಮೆಲೇ ಮಾಯವಾದ ಹಾಗೆ ಅದಕ್ಕೆ. ತಲೆ ಮೇಲೆತ್ತುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ, ಮುಖದಲ್ಲಿ ಹೆದರಿಕೆ ಬರುತ್ತದೆ. ಸ್ವಲ್ಪ ಬದಿಗೆ ನಿಂತು, ಕ್ಯಾಮೆರಾ ಅದರ ಕಣ್ಣಿನ ಎತ್ತರಕ್ಕೆ ಬರುವ ಹಾಗೆ ಹಿಡಿದರೆ ಸಮಾಧಾನವಾಗಿ ನಿಲ್ಲುತ್ತದೆ. ನಾನು ಗಿಡ್ಡ. ಎರಡು ಸಿಮೆಂಟ್ ಇಟ್ಟಿಗೆ ಹಾಕಿಕೊಂಡು ಅದರ ಮೇಲೆ ನಿಂತೆ.

ಇನ್ನು ಕಿವಿ. ಕುದುರೆ ಫೋಟೋದ ಮುಕ್ಕಾಲು ಭಾಗ ಕಿವಿ ಅಂದರೂ ತಪ್ಪಿಲ್ಲ. ಎರಡೂ ಕಿವಿ ಮುಂದಕ್ಕೆ ನಿಮಿರಿದ್ದರೆ ಕುದುರೆ ಚುರುಕಾಗಿದೆ ಅನ್ನಿಸುತ್ತದೆ. ಹಿಂದಕ್ಕೆ ಅಂಟಿಕೊಂಡಿದ್ದರೆ ಸಿಟ್ಟು. ಒಂದು ಮುಂದೆ ಒಂದು ಪಕ್ಕಕ್ಕಿದ್ದರೆ, ಅದಕ್ಕೇನೂ ತೊಂದರೆಯಿಲ್ಲ, ಅದು ಸುತ್ತಮುತ್ತ ಕೇಳಿಸಿಕೊಳ್ಳುತ್ತಿದೆ ಅಷ್ಟೆ. ಆದರೆ ಕುದುರೆಯ ಒಡೆಯರಿಗೆ ಅಂಥ ಫೋಟೋ ಹಿಡಿಸುವುದಿಲ್ಲ. ಕಿವಿ ಮುಂದೆ ಬರಬೇಕಾದರೆ ನನ್ನ ಹಿಂದಿನಿಂದ ಹೊಸ ಸದ್ದು ಬರಬೇಕು. ನನ್ನ ಹುಡುಗನ ಕೆಲಸ ಅದು. ಬಿಸ್ಕತ್ ಪೊಟ್ಟಣ ಚರಪರ ಅನ್ನಿಸುವುದು, ಸ್ಟೀಲ್ ಡಬ್ಬಿಯಲ್ಲಿ ಹುರುಳಿ ಹಾಕಿ ಕುಲುಕುವುದು, ಫೋನಿನಲ್ಲಿ ಬೇರೆ ಕುದುರೆ ಕೆನೆಯುವ ಸದ್ದು ಹಾಕುವುದು. ಯಾವುದಾದರೂ ಒಂದೆರಡು ಸಲ ನಡೆಯುತ್ತದೆ. ಆಮೇಲೆ ಕುದುರೆಗೆ ನಮ್ಮ ಆಟ ಗೊತ್ತಾಗಿ ಕಿವಿ ಜೋಲು ಬಿಡುತ್ತದೆ. ಹಾಗಾಗಿ ಬೆಳಕು, ಫೋಕಸ್, ನಿಲುವು ಎಲ್ಲ ಸರಿಯಾಗುವವರೆಗೂ ಡಬ್ಬಿ ಮುಟ್ಟಬಾರದು. ಹುರುಳಿ ಸದ್ದಿಗೆ ಒಂದು ಕುದುರೆ ಸೀದಾ ಬಾಗಿಲು ದಾಟಿ ಡಬ್ಬಿಗೇ ಬಾಯಿ ಹಾಕಿದ್ದೂ ಆಯಿತು.

ಬಣ್ಣಕ್ಕೆ ತಕ್ಕಂತೆ ಎಕ್ಸ್‌ಪೋಷರ್ ಬದಲಾಗುತ್ತದೆ. ಕಂದು ಮೈ, ಕಪ್ಪು ಬಾಲದ ಬೇ ಕುದುರೆ ಸುಲಭ, ಹೇಗೆ ತೆಗೆದರೂ ಚೆಂದ. ಕೆಂಪು ಚೆಸ್ಟ್‌ನಟ್‌ಗೆ ಹಿಸ್ಟೋಗ್ರಾಂನಲ್ಲಿ (ಕ್ಯಾಮೆರಾ ತೋರಿಸುವ ಬೆಳಕು, ಬಣ್ಣದ ನಕ್ಷೆ) ಕೆಂಪು ಒಂದನ್ನೇ ಬೇರೆಯಾಗಿ ನೋಡಬೇಕು. ಉಳಿದದ್ದೆಲ್ಲ ಸರಿ ಇದ್ದರೂ ಕೆಂಪು ಅಂಚಿಗೆ ಹೊಡೆದು ಕೂದಲಿನ ವಿವರ ಹೋಗಿರುತ್ತದೆ. ಬಿಳಿ ಕುದುರೆ ಅನ್ನುತ್ತೇವಲ್ಲ, ಹೆಚ್ಚಿನವು ಹುಟ್ಟುವಾಗ ಕಪ್ಪೋ ಕಂದೋ ಇದ್ದು ವರ್ಷ ಕಳೆದ ಹಾಗೆ ಬೆಳ್ಳಗಾದವು. ಕುದುರೆಯವರು ಅದನ್ನು ಗ್ರೇ ಅಂತಲೇ ಕರೆಯುತ್ತಾರೆ. ಕೂದಲು ಬಿಳಿ, ಒಳಗಿನ ಚರ್ಮ ಕಪ್ಪು. ಅದಕ್ಕೇ ಮೂತಿ, ಕಣ್ಣ ಸುತ್ತ ಬೂದಿ ಬಣ್ಣ. ಇದಕ್ಕೆ ಎಕ್ಸ್‌ಪೋಷರ್ ಸ್ವಲ್ಪ ತಗ್ಗಿಸಿ ತೆಗೆದು ಆಮೇಲೆ ಏರಿಸುವುದು ಕ್ಷೇಮ. ಕಪ್ಪು ಕುದುರೆಯ ಕಷ್ಟ ಬೇರೆ. ಹೊಳೆಯುವ ಮೈಯಲ್ಲಿ ಆಕಾಶದ ನೀಲಿ ಕಾಣುತ್ತದೆ. ಕಣ್ಣಿಗೆ ಗೊತ್ತಾಗದಿದ್ದರೂ ಕ್ಯಾಮೆರಾ ಬಿಡುವುದಿಲ್ಲ.

ಓಡುವ ಫೋಟೋ ಕೂಡ ಒಂದಿಷ್ಟು ತೆಗೆದೆ, 1/1600 ಇಟ್ಟು. ಅದು ಬೇರೆಯದೇ ವಿದ್ಯೆ. ಓಟದ ನಡುವೆ ನಾಲ್ಕೂ ಗೊರಸು ನೆಲ ಬಿಟ್ಟಿರುತ್ತವಾ ಅನ್ನುವ ಪ್ರಶ್ನೆಗೆ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಉತ್ತರ ಕಂಡುಕೊಂಡರು. ಬಿಟ್ಟಿರುತ್ತವೆ, ಆದರೆ ಚಿತ್ರಗಾರರು ಬರೆಯುತ್ತಿದ್ದ ಹಾಗೆ ಕಾಲು ಚಾಚಿದಾಗ ಅಲ್ಲ, ಹೊಟ್ಟೆ ಕೆಳಗೆ ಮಡಚಿದಾಗ. ಆ ಗಳಿಗೆ ಸತ್ಯವಾದರೂ ಫೋಟೋದಲ್ಲಿ ನೋಡಲು ಅಷ್ಟಕ್ಕಷ್ಟೆ. ಕಾಲು ಗಂಟು ಕಟ್ಟಿದ ಹಾಗಿರುತ್ತದೆ. ಮುಂಗಾಲು ಮುಂದೆ ಚಾಚಿ ತಲೆ ಮೇಲಿರುವ ಗಳಿಗೆಯನ್ನೇ ಜನ ಆರಿಸುತ್ತಾರೆ.

ಕಂಪ್ಯೂಟರ್ ಮುಂದೆ ಕೂತ ಮೇಲೆ ಮೊದಲ ಕೆಲಸ ಆರಿಸುವುದು. ಕಿವಿ ಸರಿಯಿಲ್ಲದ್ದು ಹೊರಗೆ, ಕಣ್ಣಲ್ಲಿ ಬೆಳಕಿನ ಚುಕ್ಕಿ ಇಲ್ಲದ್ದು ಹೊರಗೆ. ಉಳಿಯುವುದು ಸ್ವಲ್ಪವೇ. ರಾ ಫೈಲನ್ನು, ಅಂದರೆ ಕ್ಯಾಮೆರಾ ಹಿಡಿದಿಟ್ಟ ಹಸಿ ಫೋಟೋವನ್ನು, ಲೈಟ್‌ರೂಮ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದು ಬಿಳಿ ಬಣ್ಣ ಸರಿಮಾಡಿ, ಹಿನ್ನೆಲೆಯಲ್ಲಿ ಉಳಿದ ಗೋಡೆ, ಸರಳು ಎಲ್ಲ ಕಪ್ಪಿಗೆ ಇಳಿಸಿದೆ. ಇಲ್ಲಿ ಅವಸರ ಸಲ್ಲದು. ಕಪ್ಪು ಸ್ಲೈಡರನ್ನು ಒಂದೇ ಸಲ ಎಳೆದರೆ ಕತ್ತಿನ ಕೂದಲೂ ಕಿವಿಯ ಅಂಚೂ ಕತ್ತಲಲ್ಲಿ ಕರಗುತ್ತವೆ. ಕುದುರೆಗೆ ಒಂದು ಮಾಸ್ಕ್ (ಬೇಕಾದ ಭಾಗ ಮಾತ್ರ ತಿದ್ದಲು ಗುರುತು ಮಾಡುವುದು), ಹಿನ್ನೆಲೆಗೆ ಒಂದು. ತಾನಾಗಿ ಆಗುವ ಮಾಸ್ಕ್ ಕಿವಿಯೊಳಗಿನ ಸಣ್ಣ ಕೂದಲನ್ನು, ಗಲ್ಲದ ಕೆಳಗಿನ ಉದ್ದ ಮೀಸೆಯನ್ನು ಬಿಟ್ಟುಬಿಡುತ್ತದೆ. ಅಲ್ಲಿ ಕೈಯಿಂದಲೇ ಬ್ರಷ್ ಆಡಿಸಬೇಕು. ಕಪ್ಪು ಕುದುರೆಯ ನೀಲಿಗೆ ಮಾತ್ರ ಸುಲಭದ ಪರಿಹಾರ: ಮೈಗೆ ಮಾಸ್ಕ್ ಹಾಕಿ ನೀಲಿಯ ಗಾಢತೆ ಇಳಿಸುವುದು. ಪೂರ್ತಿ ಇಳಿಸಿದರೆ ಇದ್ದಿಲಿನಂತೆ ಸಪ್ಪೆಯಾಗುತ್ತದೆ, ಒಂಚೂರು ಉಳಿಸಬೇಕು.

ಹಾಲ್ಟರ್ ತೆಗೆಯುವುದು ಫೋಟೋಶಾಪ್‌ನಲ್ಲಿ. ಒಂದು ಕಡೆಯದನ್ನು ನಕಲು ಮಾಡಿ ಇನ್ನೊಂದು ಕಡೆ ಹಾಕುವ ಕ್ಲೋನ್ ಸ್ಟಾಂಪ್ ಹಿಡಿದವರಿಗೆ ಒಂದು ಮಾತು. ಕುದುರೆಯ ಮುಖದ ಕೂದಲು ಎಲ್ಲ ಕಡೆ ಒಂದೇ ದಿಕ್ಕಿಗಿರುವುದಿಲ್ಲ. ಮೂಗಿನ ಮೇಲೆ ಕೆಳಮುಖ, ಕೆನ್ನೆಯಲ್ಲಿ ಓರೆ, ಹಣೆಯಲ್ಲಿ ಸುಳಿ ಸುತ್ತಿಕೊಂಡು ಹೊರಡುತ್ತದೆ. ಕೆನ್ನೆಯ ಪಟ್ಟಿ ಅಳಿಸಲು ಮೂಗಿನ ಮೇಲಿಂದ ಕೂದಲು ತಂದು ಹಾಕಿದರೆ ತೇಪೆ ಹಾಕಿದ್ದು ದೂರಕ್ಕೇ ಕಾಣುತ್ತದೆ. ಪಟ್ಟಿಯ ಪಕ್ಕದ ಜಾಗದಿಂದಲೇ ಚಿಕ್ಕ ಚಿಕ್ಕದಾಗಿ ತೆಗೆದು ತುಂಬಬೇಕು. ಕೆನ್ನೆ ಮೂಳೆಯ ಉಬ್ಬು, ಅದರ ಕೆಳಗೆ ಹಾದು ಹೋಗುವ ನರ, ಎರಡೂ ಪಟ್ಟಿಯ ಅಡಿಯಲ್ಲಿ ಮುಂದುವರಿಯುತ್ತವೆ. ಅದನ್ನು ಬೆಳಕು ನೆರಳಿನಿಂದ ಮತ್ತೆ ಕಟ್ಟಬೇಕು. ಹಗ್ಗಕ್ಕಾದರೆ ತೆಗೆಯುವಾಗಲೇ ಉಪಾಯವಿದೆ. ಸೈಸ್‌ಗೆ ಹೇಳಿ ಹಗ್ಗವನ್ನು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಹಿಡಿಸಿ ಎರಡು ಫ್ರೇಮ್ ತೆಗೆದಿಟ್ಟರೆ, ಒಂದರಲ್ಲಿ ಮುಚ್ಚಿದ್ದು ಇನ್ನೊಂದರಲ್ಲಿ ಸಿಗುತ್ತದೆ. ಈಗ ಎಐ ಬಟನ್ ಒತ್ತಿದರೆ ಹಾಲ್ಟರ್ ಹೋಗುತ್ತದೆ, ಸುಳ್ಳಲ್ಲ. ಕೆಲವು ಸಲ ಚೆನ್ನಾಗಿಯೇ ಹೋಗುತ್ತದೆ. ಆದರೆ ಜತೆಗೆ ಹಣೆಯ ಬಿಳಿ ಮಚ್ಚೆಯ ಆಕಾರವನ್ನೂ ತನಗೆ ತೋಚಿದ ಹಾಗೆ ತಿದ್ದಿಬಿಡುತ್ತದೆ. ನೋಡಿದವರಿಗೆ ಅದೂ ಕುದುರೆಯೇ. ಒಡೆಯರಿಗೆ ಅದು ಯಾರದೋ ಕುದುರೆ.

ಇನ್ನೊಂದು ಎಚ್ಚರ ಕಣ್ಣಿನಲ್ಲಿ. ದೊಡ್ಡದು ಮಾಡಿ ನೋಡಿದರೆ ಕುದುರೆಯ ಪಾಪೆ ಅಡ್ಡಡ್ಡ ಉದ್ದವಾಗಿರುತ್ತದೆ. ಅದರ ಮೇಲಂಚಿನಲ್ಲಿ ಕಪ್ಪು ಕಾಳುಗಳ ಗೊಂಚಲಿನಂಥದ್ದು ಕಾಣುತ್ತದೆ. ಕಸ ಬಿದ್ದಿದೆ, ರೋಗ ಇರಬೇಕು ಅಂದುಕೊಂಡು ಅಳಿಸಲು ಕೈ ಹೋಗುತ್ತದೆ. ಅದು ಕಾರ್ಪೊರಾ ನೈಗ್ರಾ. ಎಲ್ಲ ಕುದುರೆಗೂ ಇರುವಂಥದ್ದು, ಪಾಪೆಗೆ ಬಿಸಿಲಿನಿಂದ ನೆರಳು ಕೊಡುತ್ತದೆ. ಬಿಟ್ಟುಬಿಡಿ. ಕಣ್ಣಿಗೆ ನಾನು ಮಾಡುವುದು ಇಷ್ಟೇ, ಬೆಳಕಿನ ಚುಕ್ಕಿಯಲ್ಲಿ ನನ್ನದೇ ನೆರಳು ಎದ್ದು ಕಾಣುತ್ತಿದ್ದರೆ ಅದನ್ನು ತಗ್ಗಿಸುವುದು, ಕಂದು ಬಣ್ಣವನ್ನು ಒಂದು ಗುಂಜಿಯಷ್ಟು ಏರಿಸುವುದು. ಜಾಸ್ತಿ ಏರಿಸಿದರೆ ಗಾಜಿನ ಗೋಲಿ.

ರೈಡಿಂಗ್ ಶಾಲೆಯ ಫೋಟೋಗಳು ನಾಲ್ಕು ಜನರ ಫೋನಿಗೆ ಹೋದವು. ಅದನ್ನು ನೋಡಿ ನಮ್ಮ ಅಂಗಡಿಗೆ ಬಂದವರು ಒಬ್ಬ ಟಾಂಗಾ ಸಾಬ್ರು. ಅರಮನೆ ಸುತ್ತ ಪ್ರವಾಸಿಗಳನ್ನು ಸುತ್ತಿಸುವವರು. “ನಮ್ಮ ಮೋತೀದೂ ಅದೇ ಥರ ತೆಗೀರಿ ಸಾರ್, ಹಿಂದೆ ಪೂರಾ ಕಪ್ಪು.” ಮೋತಿ ಬಿಳಿ ಹೆಣ್ಣು ಕುದುರೆ. ಅವರ ಮನೆ ಹಿಂದೆ ತಗಡಿನ ಶೆಡ್ಡು, ಬಾಗಿಲು ಚಿಕ್ಕದು, ಆದರೆ ಒಳಗೆ ಒಳ್ಳೇ ಕತ್ತಲು.

ಇಲ್ಲಿ ಕಿವಿಯ ವಿದ್ಯೆಗಳೆಲ್ಲ ಸೋತವು. ದಿನವಿಡೀ ಆಟೋ ಹಾರ್ನು, ಬಸ್ಸು, ಮೈಕು ಕೇಳಿದ ಕುದುರೆ. ಬಿಸ್ಕತ್ ಪೊಟ್ಟಣಕ್ಕೆ ಅದು ಕೇರ್ ಮಾಡುತ್ತದಾ? ಹುರುಳಿ ಡಬ್ಬಿ ಕುಲುಕಿದರೆ ಒಂದು ಸಲ ನೋಡಿತು, ಆಮೇಲೆ ಕಣ್ಣು ಅರ್ಧ ಮುಚ್ಚಿ ಒಂದು ಹಿಂಗಾಲು ಸಡಿಲ ಬಿಟ್ಟು ನಿಂತಿತು. ಸಾಬ್ರು, “ನೀವು ನೋಡ್ಕೊಂಡಿರಿ, ಚಾ ಹೇಳಿ ಬರ್ತೀನಿ” ಅಂತ ಹಗ್ಗವನ್ನು ಮೊಮ್ಮಗನ ಕೈಗೆ ಕೊಟ್ಟು ನನ್ನ ಹಿಂದಿನ ಗಲ್ಲಿಗೆ ಹೋದರು. ಅವರು ತಿರುವಿನಲ್ಲಿ ಮರೆಯಾಗುತ್ತಿದ್ದ ಹಾಗೆ ಮೋತಿಯ ಎರಡೂ ಕಿವಿ ನೆಟ್ಟಗಾದವು. ಕತ್ತು ಎದ್ದಿತು. ಬೇಕಾದ ಫೋಟೋ ಎಲ್ಲ ಆ ಚಾ ಬರುವಷ್ಟರಲ್ಲಿ ಸಿಕ್ಕಿತು.

ಎಡಿಟಿಂಗ್‌ಗೆ ಸಾಬ್ರು ಬಂದು ಪಕ್ಕದಲ್ಲೇ ಕೂತರು. ಕತ್ತಿನ ಮುಂಭಾಗದಲ್ಲಿ ಒಂದು ಸುಳಿ ಇತ್ತು. “ಅದು ಮುಟ್ಟಬೇಡಿ ಸಾರ್, ಅದು ನೋಡೇ ನಮ್ಮಪ್ಪ ಇದರ ಅಮ್ಮನ್ನ ತಗೊಂಡಿದ್ದು, ಇದಕ್ಕೂ ಅಲ್ಲೇ ಬಂದಿದೆ.” ಅಲ್ಲಿರುವ ಸುಳಿಗೆ ದೇವಮಣಿ ಅನ್ನುತ್ತಾರೆ, ಮನೆಗೆ ಒಳ್ಳೆಯದು ಅಂತ ನಂಬಿಕೆ. ನಂಬಿಕೆ ಹಾಗಿರಲಿ, ರೇಸ್ ಕುದುರೆಯ ಗುರುತು ಪತ್ರದಲ್ಲೂ ಸುಳಿ ಎಲ್ಲೆಲ್ಲಿದೆ ಅಂತ ಬರೆದಿರುತ್ತಾರೆ. ಹಾಗಾಗಿ ಸುಳಿ, ಮಚ್ಚೆ ನಾನು ಯಾರ ಕುದುರೆಯಲ್ಲೂ ತೆಗೆಯುವುದಿಲ್ಲ. ಭುಜದ ಹತ್ತಿರ ಗಾಡಿಯ ಪಟ್ಟಿ ಉಜ್ಜಿ ಕೂದಲು ಉದುರಿ ಕಪ್ಪು ಚರ್ಮ ಕಾಣುವ ಜಾಗವೊಂದಿತ್ತು. ಹಳೆಯದು, ಮಾಗಿದ್ದು. ದುಡಿದ ಕುದುರೆಯ ಗುರುತು, ಇರಲಿ ಅಂತ ನನ್ನ ಆಸೆ. ಸಾಬ್ರು ಒಪ್ಪಲಿಲ್ಲ. “ಇದು ತೆಗೀಲೇಬೇಕು ಸಾರ್. ನೋಡ್ದೋರು ನಾನು ಹೊಡ್ದಿದ್ದೀನಿ ಅನ್ಕೋತಾರೆ. ಈಗೇ ಎಲ್ರೂ ಮೊಬೈಲ್ ಹಿಡ್ಕೊಂಡು ಬಯ್ತಾರೆ.” ಅವರ ಮಾತಿನಲ್ಲಿ ನ್ಯಾಯವಿತ್ತು. ಫೋಟೋ ಗೋಡೆಗೆ ಹಾಕಿಕೊಳ್ಳುವವರು ಅವರು. ತೆಗೆದೆ. ಭುಜದ ಕೂದಲಿನ ದಿಕ್ಕು ನೋಡಿಕೊಂಡು, ಅರ್ಧ ಗಂಟೆ ಹಿಡಿಯಿತು.

ಪ್ರಿಂಟ್ ವಿಷಯದಲ್ಲಿ ಒಂದು ಹೇಳಬೇಕು. ಕಂಪ್ಯೂಟರ್ ಪರದೆ ಪೂರ್ತಿ ಬೆಳಕಿಟ್ಟುಕೊಂಡು ಕಪ್ಪು ಹಿನ್ನೆಲೆಯ ಫೋಟೋ ಎಡಿಟ್ ಮಾಡಿದರೆ ಲ್ಯಾಬ್‌ನಿಂದ ಬರುವುದು ಕತ್ತಲೆಯ ಕಾಗದ. ಪರದೆಯ ಬೆಳಕು ಅರ್ಧಕ್ಕೂ ಕೆಳಗಿಳಿಸಿ ನೋಡಬೇಕು. ಕುದುರೆಯ ನೆರಳಿನ ಭಾಗವನ್ನು ಪರದೆಗೆ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಏರಿಸಬೇಕು. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ಕಪ್ಪು ಬೂದಿಯಾಗುತ್ತದೆ. ಇಂಥ ಫೋಟೋಗೆ ಹೊಳಪಿರುವ ಗ್ಲಾಸಿಯೋ ಲಸ್ಟರೋ ಒಳ್ಳೆಯದು. ಮೊದಲು ಅಂಗೈಯಗಲದ ಒಂದು ಪ್ರಿಂಟ್ ತೆಗೆಸಿ ಬಿಸಿಲಲ್ಲಿ ಹಿಡಿದು ನೋಡಿ, ಆಮೇಲೆ 12 x 18 ಇಂಚಿಗೆ ಕೊಟ್ಟೆ.

ಫ್ರೇಮ್ ಹಾಕಿದ್ದನ್ನು ಸಾಬ್ರು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ, “ಭಾಳ ಚೆನ್ನಾಗಿದೆ. ಇನ್ನೊಂದು ಮಾಡಿ ಸಾರ್, ಹಿಂದೆ ಅರಮನೆ ಹಾಕಿ. ಗಾಡಿಗೆ ಅಂಟಿಸಕ್ಕೆ” ಅಂದರು. ಲಾಯದ ಬೆಳಕಿನ ಕುದುರೆ ಹಿಂದೆ ಬಿಸಿಲಿನ ಅರಮನೆ ಅಂಟಿಸಿದರೆ ಕಳ್ಳ ಫೋಟೋ ಅಂತ ಮಗುವಿಗೂ ಗೊತ್ತಾಗುತ್ತದೆ. ಬೆಳಗ್ಗೆ ಬೇಗ ಬಂದುಬಿಡಿ, ನಿಜವಾದ್ದನ್ನೇ ತೆಗೆಯೋಣ ಅಂದೆ. ಅರಮನೆಯ ಮುಖ ಪೂರ್ವಕ್ಕಿದೆ. ವಸ್ತುಪ್ರದರ್ಶನದ ಮೈದಾನದ ಕಡೆಯಿಂದ, ಜಯಮಾರ್ತಾಂಡ ದ್ವಾರದ ಎದುರು ಟಾಂಗಾ ನಿಲ್ಲಿಸಿದರೆ ಎಳೆ ಬಿಸಿಲು ನನ್ನ ಬೆನ್ನ ಹಿಂದಿನಿಂದ ಬಂದು ಕುದುರೆಗೂ ಅರಮನೆಗೂ ಒಟ್ಟಿಗೆ ಬೀಳುತ್ತದೆ. ರಸ್ತೆಯಾಚೆ ನಿಂತು 200 ಮಿಲಿಮೀಟರ್‌ನಲ್ಲಿ ತೆಗೆದಾಗ ದ್ವಾರದ ಕಮಾನು, ಅದರೊಳಗೆ ಅರಮನೆ ಮೋತಿಯ ಹಿಂದೆಯೇ ಬಂದು ಕೂತವು. ಎಡಿಟಿಂಗ್ ಅಂತ ಇದ್ದದ್ದು ಒಂದು ತಂತಿ, ಒಂದು ಪ್ಲಾಸ್ಟಿಕ್ ಕವರು. ಲ್ಯಾಮಿನೇಷನ್ ಖರ್ಚು ಸಾಬ್ರು ಬಲವಂತ ಮಾಡಿ ಕೊಟ್ಟರು. ಟಾಂಗಾದ ಯಾವ ಬದಿಗೆ ಅಂಟಿಸುವುದು ಅಂತ ಮೊಮ್ಮಗನಿಗೂ ಅವರಿಗೂ ಅಲ್ಲೇ ವಾದ ಶುರುವಾಯಿತು. ಆಟೋದವನೊಬ್ಬ ಹಾರ್ನ್ ಹೊಡೆದು ಗಾಡಿ ಸರಿಸಲು ಹೇಳುವವರೆಗೂ ಅದು ನಡೆದೇ ಇತ್ತು.